ಮೂಕಚಿತ್ರಕ್ಕೊಂದು ನಮನ

ಮೂಕಚಿತ್ರವೆಂದರೆ ಮಾತಿಲ್ಲದ, ಆದ್ದರಿಂದ ಅಪೂರ್ಣವಾದ ಚಿತ್ರವೆಂದು ನಾವು ಭಾವಿಸುವುದುಂಟು. ಆದರೆ ಮುಖಭಾವ, ಅಂಗಾಭಿನಯ, ನಡುನಡುವೆ ಬರಹದ ಫಲಕ ಇವೇ ಅದರ ಭಾಷೆಯಾಗಿದ್ದುವು. ಫಲಕಗಳನ್ನು ಬದಲಿಸಿದರೆ ಸಾಕು, ಒಂದು ದೇಶದ ಚಿತ್ರ ಮತ್ತೊಂದು ದೇಶಕ್ಕೆ ಸಲ್ಲುತ್ತಿತ್ತು.

1927ರಲ್ಲಿ ‘ದಿ ಜಾಝ್ ಸಿಂಗರ್’ ತೆರೆಗೆ ಬಂದ ಮೇಲೆ ಹಾಲಿವುಡ್ಡಿನಲ್ಲಿ ಈ ಸ್ಥಿತಿ ಮಾರ್ಪಟ್ಟಿತು. ಕೆಲವೇ ವರ್ಷಗಳಲ್ಲಿ ವಾಕ್ಚಿತ್ರಗಳು ಮೂಕಚಿತ್ರಗಳನ್ನು ಬದಿಗೊತ್ತಿದುವು. ನಟನಿಗೆ ಅಭಿನಯವೊಂದೇ ಸಾಲದಾಯಿತು. ಇಂಗ್ಲಿಷಿನ ಉಚ್ಚಾರಣೆಯೂ ಒಪ್ಪವಾಗಿರಬೇಕಾಯಿತು. 1929ರಲ್ಲಿ ಮೊತ್ತಮೊದಲ ಶ್ರೇಷ್ಠನಟ ಆಸ್ಕರ್ ಪಡೆದ ಎಮಿಲ್ ಜ್ಯಾನಿಂಗ್ಸ್ ಅವರು ತಮ್ಮ ಜರ್ಮನ್ ಧಾಟಿಯ ಮಾತಿನಿಂದಾಗಿ ಅಲ್ಲಿ ನಿಲ್ಲಲಾರದೆ ಜರ್ಮನಿಗೆ ಮರಳಿದರು.

ಆ ಕಾಲದ ಇಂತಹ ನಟರ ಅಳಲನ್ನು ಫ್ರೆಂಚ್ ನಿರ್ದೇಶಕ ಮಿಶೆಲ್ ಹಜಾನಾವಿಸಿಯುಸ್ ಅವರು 2011ರಲ್ಲಿ ‘ದಿ ಆರ್ಟಿಸ್ಟ್’ ಎಂಬ ಮೂಕಚಿತ್ರವಾಗಿಯೇ ನಿರೂಪಿಸಿದರು. ಚಿತ್ರ ಕಪ್ಪುಬಿಳುಪಿನದು. ಸೆಕೆಂಡಿಗೆ 22 ಚೌಕಟ್ಟಿನಂತೆ ಚಿತ್ರಿಸಿದುದರಿಂದ ಚಲನೆಗೂ ಹಳೆಯ ಚುರುಕು ಬಂದಿದೆ. ನಾಯಕ ಜಾರ್ಜ್ ವ್ಯಾಲೆಂಟಿನ್ ವಾಕ್ಚಿತ್ರವನ್ನು ಒಲ್ಲದೆ ಮೂಲೆಗುಂಪಾಗುತ್ತಾನೆ. ಅವನ ಕನಸೊಂದರಲ್ಲಿ ಮೇಜಿನ ಮೇಲಿಟ್ಟ ಲೋಟವೂ ಸದ್ದು ಮಾಡುತ್ತದೆ. ಅವನ ಕಂಠದಿಂದ ಮಾತ್ರ ಸ್ವರ ಹೊರಡದು. ಚಿತ್ರದ ಕೊನೆಯಲ್ಲಿ ಅವನು ಇಂಗ್ಲಿಷಿನ ಎರಡೇ ಪದ ನುಡಿಯುತ್ತಾನೆ. ಅದರಲ್ಲಿ ಫ್ರೆಂಚ್ ಧಾಟಿ ಕೇಳಿದೊಡನೆ ಅವನ ಮೌನದ ಕಾರಣ ನಮಗೆ ಹೊಳೆಯುತ್ತದೆ.

2012ರಲ್ಲಿ ಈ ಚಿತ್ರಕ್ಕೆ ಶ್ರೇಷ್ಠಚಿತ್ರವೂ ಸೇರಿ ಐದು ಆಸ್ಕರ್ ಪ್ರಶಸ್ತಿಗಳು ಸಂದುವು. ಮನೆಮಾತಿನ ಧಾಟಿಯನ್ನು ನಾಲಗೆಯಲ್ಲಿ ಉಳಿಸಿಕೊಂಡು ಪರಭಾಷೆಯ ನಡುವೆ ಬಾಳುವ ನಮಗೆ ವ್ಯಾಲೆಂಟಿನ್ನನ ಅಂಜಿಕೆ ಅಪರಿಚಿತವಲ್ಲ. ಅವನು ಕಡೆಗೆ ಬಾಯಿ ತೆರೆದನೆಂಬುದೇ ನಮಗೆ ಸಮಾಧಾನ.