ಮೊದಲು ಸುಡಬೇಕಾದ ತಂತಿ

ಮನೆಯಲ್ಲಿ ಫ್ಯೂಸ್ ಹೋದರೆ ನಮಗೆ ಸಿಟ್ಟು ಬರುತ್ತದೆ. ಕತ್ತಲಲ್ಲಿ ತಡಕಾಡಿ, ಮೀಟರ್ ಹಲಗೆಯ ಮೇಲಿನ ಪಿಂಗಾಣಿ ತುಂಡನ್ನು ಕಿತ್ತು, ಕರಗಿಹೋದ ಎಳೆಯ ಜಾಗಕ್ಕೆ ಹೊಸ ಎಳೆ ಕಟ್ಟುತ್ತಿದ್ದ ಕಾಲ ಹಲವರಿಗೆ ನೆನಪಿರುತ್ತದೆ. ಪದೇ ಪದೇ ಹೋಗುತ್ತದೆಂದು ಬೇಸತ್ತು ದಪ್ಪ ತಂತಿಯನ್ನೇ ಸುತ್ತಿಬಿಟ್ಟವರೂ ಇದ್ದರು. ಆಮೇಲೆ ಫ್ಯೂಸ್ ಹೋಗುತ್ತಿರಲಿಲ್ಲ. ಹೋಗುವ ಸರದಿ ಗೋಡೆಯೊಳಗಿನ ವೈರಿಗೆ ಬರುತ್ತಿತ್ತು.

ನೆಲದ ಮೇಲಾದರೆ ಹೊಗೆ ಕಂಡೊಡನೆ ಬಾಗಿಲು ತೆರೆದು ಬೀದಿಗೆ ಓಡಬಹುದು. ದಡದಿಂದ ಇಪ್ಪತ್ತು ಕಿಲೋಮೀಟರ್ ಆಚೆ ಇರುವ ಸಣ್ಣ ದೋಣಿಗೆ ಬೀದಿ ಇಲ್ಲ. ಸುತ್ತ ಕಣ್ಣು ಹಾಯುವಷ್ಟು ನೀರಿದ್ದರೂ ದೋಣಿಯಲ್ಲಿರುವವರಿಗೆ ಬೆಂಕಿಯ ಭಯವೇ ದೊಡ್ಡದು. ಆದ್ದರಿಂದ ದೋಣಿಗೆ ವೈರಿಂಗ್ ಮಾಡುವವನು ದೀಪ ಹೇಗೆ ಹತ್ತಬೇಕು ಎಂದು ಯೋಚಿಸುವ ಮೊದಲು ಇನ್ನೊಂದನ್ನು ತೀರ್ಮಾನಿಸಬೇಕು: ಏನಾದರೂ ಕೆಟ್ಟರೆ ಯಾವುದು ಮೊದಲು ಸೋಲಬೇಕು? ಈ ಪ್ರಶ್ನೆಗೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದು ಶುರುವಾದದ್ದು ವಿದ್ಯುದ್ದೀಪ ಹುಟ್ಟುವುದಕ್ಕೂ ಮೊದಲು.

ಉಪ್ಪುನೀರು ಮತ್ತು ಎರಡು ಲೋಹ

1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ತಾನು ಕಟ್ಟಿದ ಬ್ಯಾಟರಿಯನ್ನು ವಿವರಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಎರಡು ಬೇರೆ ಬೇರೆ ಲೋಹದ ಬಿಲ್ಲೆಗಳು, ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು. ಇಂಥ ಜೋಡಿಗಳನ್ನು ಒಂದರ ಮೇಲೊಂದು ಪೇರಿಸಿದರೆ ವಿದ್ಯುತ್ ಹರಿಯುತ್ತಿತ್ತು. ಯೋಚಿಸಿ ನೋಡಿದರೆ ಸಮುದ್ರದಲ್ಲಿ ತೇಲುವ ಹಡಗಿನ ತಳದಲ್ಲಿಯೂ ಇದೇ ಸರಂಜಾಮು ಇದೆ. ಲೋಹಗಳು ಎರಡೋ ಮೂರೋ, ಉಪ್ಪುನೀರು ಬೇಕಾದಷ್ಟು.

ಬ್ರಿಟಿಷ್ ನೌಕಾಪಡೆ ಆಗಲೇ ಅದರ ಬಿಸಿ ಉಂಡಿತ್ತು. ಮರ ಕೊರೆಯುವ ಹುಳುಗಳಿಂದ ಹಡಗನ್ನು ಕಾಪಾಡಲು 18ನೇ ಶತಮಾನದ ಉತ್ತರಾರ್ಧದಲ್ಲಿ ತಳಕ್ಕೆ ತಾಮ್ರದ ತಗಡು ಹೊಡೆಯುವ ಪದ್ಧತಿ ಬಂತು. ಹುಳು ನಿಂತಿತು. ಆದರೆ ತಗಡಿನ ಪಕ್ಕದಲ್ಲಿದ್ದ ಕಬ್ಬಿಣದ ಮೊಳೆ, ಬೋಲ್ಟುಗಳು ಸವೆದು ಹೋಗತೊಡಗಿದವು. ಕಾಲಕ್ರಮದಲ್ಲಿ ತಾಮ್ರವೂ ಕರಗುತ್ತಿತ್ತು. ಪರಿಹಾರ ಹುಡುಕಲು ರಸಾಯನ ವಿಜ್ಞಾನಿ ಹಂಫ್ರಿ ಡೇವಿಯನ್ನು ಕೇಳಿಕೊಂಡರು.

1824ರಲ್ಲಿ ಡೇವಿ ಕೊಟ್ಟ ಉತ್ತರ ಸರಳವಾಗಿತ್ತು. ತಾಮ್ರಕ್ಕಿಂತ ಬೇಗ ಸವೆಯುವ ಸತುವನ್ನೋ ಕಬ್ಬಿಣವನ್ನೋ ತಗಡಿಗೆ ಜೋಡಿಸಿ, ಅದು ಸವೆಯಲಿ, ತಾಮ್ರ ಉಳಿಯುತ್ತದೆ ಎಂದ. ಸಮರಂಗ್ ಎಂಬ ಯುದ್ಧನೌಕೆಯ ಮೇಲೆ ಪ್ರಯೋಗ ನಡೆಯಿತು. ಡೇವಿ ಹೇಳಿದಂತೆಯೇ ತಾಮ್ರ ಉಳಿಯಿತು. ಆದರೆ ಹಡಗುಗಳ ತಳದಲ್ಲಿ ಪಾಚಿ ಮತ್ತು ಚಿಪ್ಪುಜೀವಿಗಳು ದಟ್ಟವಾಗಿ ಬೆಳೆದು ವೇಗ ಕುಗ್ಗಿತು. ತಾಮ್ರ ಅಷ್ಟಷ್ಟಾಗಿ ಕರಗಿ ನೀರಿಗೆ ಬಿಡುತ್ತಿದ್ದ ವಿಷವೇ ಅವುಗಳನ್ನು ದೂರ ಇಟ್ಟಿತ್ತು. ತಾಮ್ರದ ಸವೆತ ನಿಂತಾಗ ಆ ಕಾವಲೂ ನಿಂತಿತು. ಕೆಲವೇ ವರ್ಷಗಳಲ್ಲಿ ನೌಕಾಪಡೆ ಆ ತುಂಡುಗಳನ್ನು ತೆಗೆಸಿಹಾಕಿತು. ಡೇವಿಗೆ ಇದು ದೊಡ್ಡ ಮುಖಭಂಗ.

ಹಡಗಿನಿಂದ ಹೊರಬಿದ್ದರೂ ವಿಚಾರ ಉಳಿಯಿತು. ಇವತ್ತು ಉಪ್ಪುನೀರಿಗಿಳಿಯುವ ಬೋಟುಗಳ ಪ್ರೊಪೆಲ್ಲರ್ ಬಳಿ ಸತುವಿನ ಗಟ್ಟಿ ಬಿಗಿದಿರುತ್ತಾರೆ. ಅದು ಕರಗುತ್ತಾ ಹೋಗುತ್ತದೆ, ಹೊಸದನ್ನು ಹಾಕುತ್ತಾರೆ. ಬೆಲೆಬಾಳುವ ವಸ್ತುವಿನ ಬದಲು ಅಗ್ಗದ ವಸ್ತು ಸೋಲಲಿ ಎಂಬ ಈ ಏರ್ಪಾಡು ಮುಂದೆ ತಂತಿಗೂ ಬಂತು.

ಬ್ಯಾಟರಿ ದೋಣಿ ಹತ್ತಿತು

1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನೇವಾ ನದಿಯಲ್ಲಿ ಮೊರಿಟ್ಜ್ ಯಾಕೋಬಿ ಸುಮಾರು ಹನ್ನೆರಡು ಜನರನ್ನು ಕೂರಿಸಿಕೊಂಡು ಒಂದು ದೋಣಿಯನ್ನು ವಿದ್ಯುತ್ತಿನಿಂದ ನಡೆಸಿದ. ವೇಗ ಮನುಷ್ಯನ ನಡಿಗೆಯಷ್ಟೂ ಇರಲಿಲ್ಲ. ಮರುವರ್ಷ ಹೆಚ್ಚು ಶಕ್ತಿಯ ಗ್ರೋವ್ ಕೋಶಗಳನ್ನು ಬಳಸಿದ. ನೈಟ್ರಿಕ್ ಆಮ್ಲದ ಆ ಕೋಶಗಳು ಕೆಲಸ ಮಾಡುವಾಗ ವಿಷದ ಹೊಗೆ ಬಿಡುತ್ತವೆ. ಸತು ತೀರಿದರೆ ಬ್ಯಾಟರಿಯೂ ತೀರಿದಂತೆ, ಮತ್ತೆ ತುಂಬಿಸುವಂತಿರಲಿಲ್ಲ.

ಅದು ಸಾಧ್ಯವಾದದ್ದು 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಸೀಸದ ತಗಡು ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ರೂಪಿಸಿದಾಗ. 1881ರಲ್ಲಿ ಕಮಿಲ್ ಫೋರ್ ಸೀಸದ ಮೇಲೆ ಆಕ್ಸೈಡಿನ ಲೇಪ ಹಚ್ಚಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸಬಹುದಾದ ಸರಕನ್ನಾಗಿ ಮಾಡಿದ. ಮರುವರ್ಷವೇ ಲಂಡನ್ನಿನ ಥೇಮ್ಸ್ ನದಿಯಲ್ಲಿ ‘ಎಲೆಕ್ಟ್ರಿಸಿಟಿ’ ಎಂಬ ಹೆಸರಿನ ಕಬ್ಬಿಣದ ಪುಟ್ಟ ದೋಣಿ 45 ಸೀಸದ ಕೋಶಗಳನ್ನು ಹೊತ್ತು ಮಿಲ್‌ವಾಲ್‌ನಿಂದ ಲಂಡನ್ ಸೇತುವೆಯವರೆಗೆ ಹೋಯಿತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ಅಂದರೆ ಇದಾದ ಇಪ್ಪತ್ತು ವರ್ಷಕ್ಕೆ. 1893ರ ಷಿಕಾಗೋ ಮಹಾಮೇಳದಲ್ಲಂತೂ 55 ಬ್ಯಾಟರಿ ದೋಣಿಗಳು ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಕೆರೆ ಕಾಲುವೆಗಳಲ್ಲಿ ಸುತ್ತಿಸಿದವು.

ಸೀಸದ ಬ್ಯಾಟರಿಗೆ ಒಂದು ಗುಣವಿದೆ. ದೀಪಕ್ಕೆ ಒಂದು ಆಂಪಿಯರ್ ಬೇಕಾದರೆ ಒಂದನ್ನೇ ಕೊಡುತ್ತದೆ. ಆದರೆ ಅದರ ಎರಡು ತುದಿಗಳಿಗೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು, ಕೆಲವೊಮ್ಮೆ ಸಾವಿರಾರು ಆಂಪಿಯರನ್ನು ಒಂದೇ ಉಸಿರಿಗೆ ಸುರಿದುಬಿಡುತ್ತದೆ. ಕಬ್ಬಿಣ ಕೆಂಪಾಗಲು ಹೆಚ್ಚು ಹೊತ್ತು ಬೇಡ. 12 ವೋಲ್ಟ್ ಎಂದರೆ ಕೈಗೆ ಹೊಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಜನ ಇದನ್ನು ಮರೆಯುತ್ತಾರೆ. ಶಾಕ್ ಕೊಡದ ಬ್ಯಾಟರಿಗೂ ದೋಣಿ ಸುಡಲು ಬೇಕಾದಷ್ಟು ಶಕ್ತಿ ಇರುತ್ತದೆ.

ಸೀಸದ ಎಳೆ

ತಂತಿಯಲ್ಲಿ ಬೇಕೆಂದೇ ಒಂದು ದುರ್ಬಲ ಜಾಗ ಇಡಬೇಕೆಂಬ ಯೋಚನೆ ಮೊದಲು ಬಂದದ್ದು ಟೆಲಿಗ್ರಾಫಿನವರಿಗೆ. 1847ರಲ್ಲಿ ಫ್ರಾನ್ಸಿನ ಲೂಯಿ ಬ್ರೆಗೆ, ಸಿಡಿಲಿನಿಂದ ಟೆಲಿಗ್ರಾಫ್ ಕಚೇರಿಗಳನ್ನು ಉಳಿಸಲು ಸಾಲಿನ ನಡುವೆ ತೆಳುವಾದ ತಂತಿಯ ತುಂಡು ಸೇರಿಸಿ ಎಂದು ಸೂಚಿಸಿದ. ಸಿಡಿಲು ಬಡಿದರೆ ಅದು ಕರಗಿ ಸಂಪರ್ಕ ಕಡಿಯುತ್ತಿತ್ತು, ಒಳಗಿನ ಯಂತ್ರ ಉಳಿಯುತ್ತಿತ್ತು.

ದೀಪದ ತಂತಿಗೆ ಅದನ್ನು ಅಳವಡಿಸಿದವರಲ್ಲಿ ಥಾಮಸ್ ಎಡಿಸನ್ ಒಬ್ಬ. ‘ಸುರಕ್ಷಾ ವಾಹಕ’ ಎಂಬ ಅರ್ಥದ ಹೆಸರಿನಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದು 1880ರ ಮೇ 4ರಂದು. ಅದೇ ತಿಂಗಳಲ್ಲಿ ಅವನ ದೀಪಗಳು ನ್ಯೂಯಾರ್ಕಿನಲ್ಲಿ ನಿಂತಿದ್ದ ‘ಕೊಲಂಬಿಯಾ’ ಎಂಬ ಉಗಿಹಡಗಿನಲ್ಲಿ ಬೆಳಗಿದವು. ಎಡಿಸನ್ನನ ದೀಪಗಳು ಅವನ ಪ್ರಯೋಗಶಾಲೆಯ ಊರನ್ನು ಬಿಟ್ಟು ಹೊರಗೆ ಬಂದದ್ದೇ ಈ ಹಡಗಿಗೆ. ಹಡಗಿನ ಮಾಲೀಕ ಹೆನ್ರಿ ವಿಲಾರ್ಡ್‌ಗೆ ಧೈರ್ಯವಿತ್ತು, ಉಳಿದವರು ಬೆಂಕಿಗೆ ಹೆದರಿದ್ದರು. ಪ್ರಯಾಣಿಕರ ಕೋಣೆಯ ದೀಪದ ಸ್ವಿಚ್ಚನ್ನು ಹೊರಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ದೀಪ ಹಚ್ಚಲು, ಆರಿಸಲು ಹಡಗಿನ ಸಿಬ್ಬಂದಿಯೇ ಬರಬೇಕು. ಹಡಗು ದಕ್ಷಿಣ ಅಮೆರಿಕವನ್ನು ಬಳಸಿ ಅಮೆರಿಕದ ಪಶ್ಚಿಮ ಕರಾವಳಿಯನ್ನು ಕ್ಷೇಮವಾಗಿ ತಲುಪಿತು. 1907ರಲ್ಲಿ ಅದನ್ನು ಮುಳುಗಿಸಿದ್ದು ಜನ ಹೆದರಿದ್ದ ಬೆಂಕಿಯಲ್ಲ, ಮಂಜಿನಲ್ಲಿ ಇನ್ನೊಂದು ಹಡಗಿನೊಡನೆ ಆದ ಡಿಕ್ಕಿ.

ತಂತಿ ಎಳೆಯುವ ರೀತಿಯನ್ನೂ ಹಡಗುಗಳು ಕಷ್ಟಪಟ್ಟೇ ಕಲಿತವು. ಕಬ್ಬಿಣದ ಹಡಗಿನಲ್ಲಿ ದೀಪಕ್ಕೆ ಒಂದೇ ತಂತಿ ಎಳೆದು, ವಾಪಸು ದಾರಿಗೆ ಹಡಗಿನ ಮೈಯನ್ನೇ ಬಳಸಿದರೆ ಅರ್ಧ ತಾಮ್ರ ಉಳಿಯುತ್ತದೆ. ಆದರೆ ಒಂಟಿ ತಂತಿಯ ಸುತ್ತ ಹುಟ್ಟುವ ಕಾಂತಕ್ಷೇತ್ರ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ, ಮೈಯಲ್ಲಿ ಅಲೆಯುವ ಪ್ರವಾಹ ಲೋಹವನ್ನು ತಿನ್ನುತ್ತದೆ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಜೊತೆಜೊತೆಗೆ, ದಿಕ್ಸೂಚಿಯ ಬಳಿ ಹೆಣೆದುಕೊಂಡು ಹೋಗಬೇಕೆಂಬ ಇಂದಿನ ನಿಯಮದ ಹಿಂದೆ ಈ ಪಾಠವಿದೆ.

ಕಾರಿನಿಂದ ಬಂದ ಬ್ಯಾಟರಿ

ಸಣ್ಣ ದೋಣಿಗೆ ವಿದ್ಯುತ್ ಸಾಮಾನ್ಯ ಸಂಗತಿಯಾದದ್ದು ದೊಡ್ಡ ಹಡಗುಗಳಿಂದಲ್ಲ, ಕಾರುಗಳಿಂದ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ವಯಂಚಾಲಕ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಎಂಜಿನ್ನಿಗೆ ಬ್ಯಾಟರಿ ಜೊತೆಯಾಯಿತು. ಅದೇ ಬ್ಯಾಟರಿ ಎಂಜಿನ್ ದೋಣಿಗೂ ಇಳಿಯಿತು. ಕಾರಿನ ಅಭ್ಯಾಸಗಳೂ ಕೂಡಿಯೇ ಬಂದವು. ಅವುಗಳಲ್ಲಿ ಎಷ್ಟೋ ಸಮುದ್ರಕ್ಕೆ ಒಗ್ಗುವಂಥವಲ್ಲ.

ಮನೆಯಲ್ಲಿ 230 ವೋಲ್ಟಿನಲ್ಲಿ 120 ವ್ಯಾಟಿನ ಉಪಕರಣಕ್ಕೆ ಅರ್ಧ ಆಂಪಿಯರ್ ಸಾಕು. 12 ವೋಲ್ಟಿನಲ್ಲಿ ಅದಕ್ಕೆ 10 ಆಂಪಿಯರ್ ಬೇಕು. ಆದ್ದರಿಂದ ದೋಣಿಯ ವೈರು ಮನೆಯದಕ್ಕಿಂತ ದಪ್ಪವಿರಬೇಕು. ಎಂಜಿನ್ನಿನ ಅದುರಿಗೆ ಒಂಟಿ ಗಟ್ಟಿ ತಂತಿ ಮುರಿಯುವುದರಿಂದ ಹಲವು ನವಿರು ಎಳೆಗಳ ವೈರು ಬೇಕು. ಉಪ್ಪುಗಾಳಿಗೆ ಬರಿಯ ತಾಮ್ರ ಕಿಲುಬು ಹಿಡಿಯುವುದರಿಂದ ಎಳೆಗಳಿಗೆ ತವರದ ಲೇಪ ಇದ್ದರೆ ಒಳ್ಳೆಯದು. ಮನೆಯ ಸ್ವಿಚ್ಚು ಇಲ್ಲಿ ನಡೆಯದು. ಮನೆಯ ವಿದ್ಯುತ್ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನಾಗಿ ನಂದುತ್ತದೆ. ಬ್ಯಾಟರಿಯ ಪ್ರವಾಹಕ್ಕೆ ಆ ಬಿಡುವಿಲ್ಲ, ಕಿಡಿ ಎಳೆದುಕೊಂಡೇ ಇರುತ್ತದೆ. ಚಾರ್ಜ್ ಆಗುವ ಸೀಸದ ಬ್ಯಾಟರಿ ಹೈಡ್ರೊಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೂ ಒಂದು ಕಿಡಿ ಸಾಕು. ಬ್ಯಾಟರಿ ಇಟ್ಟ ಕಡೆ ಗಾಳಿ ಆಡಬೇಕು, ಸ್ವಿಚ್ಚು ಅಲ್ಲಿಂದ ದೂರ ಇರಬೇಕು ಎನ್ನುವುದು ಇದಕ್ಕೇ.

ಇನ್ನು ಫ್ಯೂಸ್. ಫ್ಯೂಸ್ ಇರುವುದು ದೀಪವನ್ನೋ ರೇಡಿಯೋವನ್ನೋ ಉಳಿಸಲು ಎಂದು ಬಹಳ ಜನ ತಿಳಿದಿರುತ್ತಾರೆ. ಅದರ ಮೊದಲ ಕೆಲಸ ತಂತಿಯನ್ನು ಉಳಿಸುವುದು. 20 ಆಂಪಿಯರ್ ತಾಳುವ ವೈರಿಗೆ 50ರ ಫ್ಯೂಸ್ ಹಾಕಿದರೆ ವೈರೇ ಫ್ಯೂಸ್ ಆಗುತ್ತದೆ. ಅದನ್ನು ಎಲ್ಲಿ ಇಡಬೇಕೆಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಬ್ಯಾಟರಿಯಿಂದ ಫ್ಯೂಸಿನವರೆಗಿನ ತುಂಡಿಗೆ ಯಾವ ಕಾವಲೂ ಇಲ್ಲ. ಅಲ್ಲಿ ಎಲ್ಲಾದರೂ ವೈರಿನ ಸಿಪ್ಪೆ ಸವೆದು ಎಂಜಿನ್ನಿನ ಮೈಗೆ ತಾಗಿದರೆ ತಡೆಯುವವರಿಲ್ಲ. ಹಾಗಾಗಿ ಆ ತುಂಡು ಗೇಣಿಗಿಂತ ಚಿಕ್ಕದಿರಬೇಕು. 1954ರಲ್ಲಿ ಆರಂಭವಾದ ಅಮೆರಿಕದ ದೋಣಿ ಮಾನದಂಡ ಸಂಸ್ಥೆ ಇದನ್ನು 7 ಇಂಚು ಎಂದು ಬರೆದಿಟ್ಟಿದೆ. ವೈರು ಕವಚದೊಳಗೆ ಹೋದರೆ ಸ್ವಲ್ಪ ರಿಯಾಯಿತಿ ಉಂಟು. ಎಂಜಿನ್ನಿನ ಸ್ಟಾರ್ಟರ್‌ಗೆ ಹೋಗುವ ದಪ್ಪ ಕೇಬಲ್ಲಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ, ಕಾರಿನ ಕಾಲದಿಂದ ನಡೆದುಬಂದ ಹಾಗೆ.

ಎಲ್ಲದರ ಹಿಂದೆ ಒಂದು ಮುಖ್ಯ ಸ್ವಿಚ್ಚು ಇರುತ್ತದೆ, ಅಪಾಯ ಕಂಡಾಗ ಬ್ಯಾಟರಿಯನ್ನೇ ಬೇರ್ಪಡಿಸಲು. ಆದರೆ ತಳದ ನೀರೆತ್ತುವ ಪಂಪನ್ನು ಅದರ ಹಂಗಿಗೆ ಬಿಡುವುದಿಲ್ಲ. ಮಾಲೀಕ ಎಲ್ಲವನ್ನೂ ಆರಿಸಿ ಮನೆಗೆ ಹೋದ ರಾತ್ರಿಯೇ ದೋಣಿಗೆ ನೀರು ಬರಬಹುದು. ಅದಕ್ಕೆ ಬೇರೆ ತಂತಿ, ಬೇರೆ ಫ್ಯೂಸ್. ಯಾವುದು ಮೊದಲು ಸೋಲಬೇಕು ಎನ್ನುವಷ್ಟೇ ಯಾವುದು ಕೊನೆಗೆ ಸೋಲಬೇಕು ಎಂಬುದನ್ನೂ ಯೋಚಿಸಿ ಮಾಡಿದ ಏರ್ಪಾಡು ಇದು.

ಫ್ಯೂಸ್ ನೋಡದ ಬೆಂಕಿ

ಫ್ಯೂಸಿಗೂ ಒಂದು ಕುರುಡುತನವಿದೆ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ ಓಮಿನ ಹತ್ತನೇ ಒಂದು ಪಾಲು ತಡೆ ಇದ್ದು, ಅದರ ಮೂಲಕ 10 ಆಂಪಿಯರ್ ಹರಿದರೆ ಅಷ್ಟು ಚಿಕ್ಕ ಜಾಗದಲ್ಲಿ 10 ವ್ಯಾಟ್ ಕಾವು ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗಲು ಅದು ಸಾಕಾಗಬಹುದು. ಆದರೆ ಪ್ರವಾಹ ಮಿತಿ ಮೀರಿಲ್ಲವಲ್ಲ, 15 ಆಂಪಿಯರಿನ ಫ್ಯೂಸ್ ಸುಮ್ಮನೆ ಕೂತಿರುತ್ತದೆ. ಈ ಬೆಂಕಿಯನ್ನು ಕಾಯುವುದು ಕಣ್ಣು, ಮೂಗು ಮತ್ತು ವರ್ಷಕ್ಕೊಮ್ಮೆ ಜೋಡಣೆ ಬಿಚ್ಚಿ ಉಜ್ಜಿ ಬಿಗಿಯುವ ಕೈ ಮಾತ್ರ.

ನಮ್ಮ ಪಶ್ಚಿಮ ಕರಾವಳಿಗೆ ಯಾಂತ್ರಿಕ ಮೀನುಗಾರಿಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಸ್ವಾತಂತ್ರ್ಯದ ನಂತರ. 1952ರ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ಶುರುವಾದ ಭಾರತ-ನಾರ್ವೆ ಯೋಜನೆ ಅದಕ್ಕೆ ಒಂದು ಮೊದಲ ಹೆಜ್ಜೆ. ಇಂದು ಮಂಗಳೂರು, ಮಲ್ಪೆ, ಕಾರವಾರದ ಬಂದರುಗಳಿಂದ ಹೊರಡುವ ಆಳಸಮುದ್ರದ ಬೋಟುಗಳು ದಿನಗಟ್ಟಲೆ ದಡ ಕಾಣುವುದಿಲ್ಲ. ವೈರ್‌ಲೆಸ್, ಜಿಪಿಎಸ್, ಮೀನಿನ ಗುಂಪು ತೋರಿಸುವ ಉಪಕರಣ, ಎಡಕ್ಕೆ ಕೆಂಪು ಬಲಕ್ಕೆ ಹಸಿರು ದೀಪ, ಎಲ್ಲಕ್ಕೂ ಬ್ಯಾಟರಿಯೇ ಆಧಾರ. ತಂಡೇಲನಿಗೆ ಗಾಳಿ, ನೀರು, ಮೀನಿನ ಜಾಡು ತಿಳಿದಿದ್ದ ಹಾಗೆ ಈ ತಂತಿಗಳ ಜಾಡೂ ತಿಳಿದಿರಬೇಕಾದ ಕಾಲ ಇದು.

ಯಾಕೋಬಿಯ ಬ್ಯಾಟರಿ ದೋಣಿಯೂ ನಮ್ಮ ಕಡೆಗೇ ಬಂದಿದೆ. 2017ರ ಜನವರಿಯಲ್ಲಿ ಕೇರಳದ ವೈಕಂ ಮತ್ತು ತವಣಕ್ಕಡವು ನಡುವೆ ವೇಂಬನಾಡು ಹಿನ್ನೀರಿನಲ್ಲಿ ಸೌರಶಕ್ತಿಯ ‘ಆದಿತ್ಯ’ ಸಂಚಾರ ಶುರುಮಾಡಿತು. 75 ಪ್ರಯಾಣಿಕರು, ಸೂರಿನ ಮೇಲೆ ಸೌರಫಲಕ, ಒಳಗೆ ಲಿಥಿಯಂ ಬ್ಯಾಟರಿ. ಲಿಥಿಯಂ ಹಗುರ, ಆದರೆ ತುದಿಗಳು ಅಡ್ಡ ತಗುಲಿದಾಗ ಸುರಿಯುವ ಪ್ರವಾಹ ಸೀಸದ್ದಕ್ಕಿಂತ ಹೆಚ್ಚು. ಅಗ್ಗದ ಫ್ಯೂಸಿನ ಎಳೆ ಕರಗಿದರೂ ನಡುವಿನ ಖಾಲಿ ಜಾಗವನ್ನು ಕಿಡಿಯೇ ಸೇತುವೆಯಾಗಿ ದಾಟಬಲ್ಲದು. ಹಾಗಾಗಿ ಕರಗಿದ ಮೇಲೆ ಕಿಡಿಯನ್ನೂ ನಂದಿಸುವ, ದುಬಾರಿ ಫ್ಯೂಸುಗಳನ್ನು ಇಲ್ಲಿ ಬಳಸಬೇಕಾಗುತ್ತದೆ.

ಡೇವಿಯ ಸತು, ಬ್ರೆಗೆಯ ಎಳೆ, ಇಂದಿನ ಲಿಥಿಯಂ ಫ್ಯೂಸ್ ಮೂರೂ ಒಂದೇ ಮನೆತನದವು. ಇಡೀ ದೋಣಿಯ ವೈರಿಂಗ್‌ನಲ್ಲಿ ಅತ್ಯಂತ ಅಗ್ಗದ ವಸ್ತು ಫ್ಯೂಸ್. ಅದು ಹೋದಾಗ ದಪ್ಪ ತಂತಿ ಸುತ್ತುವ ಮೊದಲು ಯಾಕೆ ಹೋಯಿತು ಎಂದು ಹುಡುಕುವುದು ಲೇಸು. ಹೋದ ಫ್ಯೂಸ್ ಬಹುತೇಕ ಸಲ ಎಲ್ಲೋ ಒಂದು ವೈರು ಸವೆದಿದೆ ಎಂದು ಹೇಳುತ್ತಿರುತ್ತದೆ, ಅದೂ ದಡಕ್ಕೆ ಮರಳಲು ಇನ್ನೂ ಸಮಯವಿರುವಾಗ.