ಲಾಸ್ ಏಂಜಲೀಸಿನ ‘ಲಾ ಎಕಿಸ್’: ಮೊದಲೇ ಇದ್ದ ಕೇಳುಗರು

1992ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನ 97.9 ಎಫ್‌ಎಂ ಸ್ಪ್ಯಾನಿಷ್ ಪ್ರೇಮಗೀತೆಗಳನ್ನು ಬಿಟ್ಟು, ‘ಲಾ ಎಕಿಸ್’ ಎಂಬ ಹೊಸ ಹೆಸರಿನಲ್ಲಿ ಮೆಕ್ಸಿಕೋದ ಬಾಂದಾ, ರಾಂಚೆರಾ ಹಾಡುಗಳನ್ನು ಹಾಕತೊಡಗಿತು. ಅದೇ ಶರತ್ಕಾಲದ ಕೇಳುಗರ ಎಣಿಕೆಯಲ್ಲಿ ಇಂಗ್ಲಿಷ್ ಸ್ಟೇಷನ್‌ಗಳನ್ನೆಲ್ಲ ಹಿಂದಿಕ್ಕಿ ಊರಿಗೇ ಮೊದಲನೆಯದಾಯಿತು. ಇಷ್ಟು ಜನ ಎಲ್ಲಿದ್ದರು ಎಂದು ರೇಡಿಯೊ ಉದ್ಯಮ ಬೆರಗಾಯಿತು. ಅವರು ಅಲ್ಲೇ ಇದ್ದರು. ಅಮೆರಿಕದಲ್ಲಿ ಮೆಕ್ಸಿಕನ್ ರೇಡಿಯೊದ ಇತಿಹಾಸವೆಂದರೆ ಕೇಳುಗರು ಹುಟ್ಟಿಕೊಂಡ ಕಥೆಯಲ್ಲ, ಅವರನ್ನು ಲೆಕ್ಕಕ್ಕೆ ಹಿಡಿಯಲು ಉದ್ಯಮ ತಡಮಾಡಿದ ಕಥೆ. 1920ರ ದಶಕದ ಕೊನೆಗೇ ಪೆದ್ರೊ ಗೊನ್ಸಾಲೆಸ್ ಅದೇ ಊರಿನಲ್ಲಿ, ಯಾರಿಗೂ ಬೇಡವಾದ ನಸುಕಿನ ಹೊತ್ತಿನಲ್ಲಿ, ತಮ್ಮ ‘ಲಾಸ್ ಮದ್ರುಗದೋರೆಸ್’ ತಂಡದೊಂದಿಗೆ ರೇಡಿಯೊದಲ್ಲಿ ಹಾಡುತ್ತಿದ್ದರು. ಇಂಗ್ಲಿಷ್ ಕೇಳುಗರು ಇನ್ನೂ ಮಲಗಿರುತ್ತಿದ್ದ ಆ ಹೊತ್ತಿಗೆ ಮೆಕ್ಸಿಕನ್ ಕೂಲಿಗಳು ಕೆಲಸಕ್ಕೆ ಹೊರಡಲು ಎದ್ದಿರುತ್ತಿದ್ದರು. ಮೆಕ್ಸಿಕನ್ನರ ಗಡೀಪಾರಿನ ವಿರುದ್ಧ ದನಿಯೆತ್ತಿದ ಗೊನ್ಸಾಲೆಸ್ 1934ರಲ್ಲಿ ಸುಳ್ಳು ಮೊಕದ್ದಮೆಯಲ್ಲಿ ಜೈಲು ಸೇರಿದರು. 1940ರಲ್ಲಿ ಹೊರಬಂದಾಗ ಅವರನ್ನೇ ಗಡೀಪಾರು ಮಾಡಲಾಯಿತು. ಆದರೂ ದನಿ ನಿಲ್ಲಲಿಲ್ಲ: 1946ರಲ್ಲಿ ರಾವುಲ್ ಕೊರ್ತೆಸ್ ಸ್ಯಾನ್ ಆಂಟೋನಿಯೊದಲ್ಲಿ ದಿನವಿಡೀ ಸ್ಪ್ಯಾನಿಷ್ ಮಾತಾಡುವ ಸ್ವಂತ ಸ್ಟೇಷನ್ ತೆರೆದರು.

ಇದೆಲ್ಲ ಬರಿಯ ವಲಸೆಯ ಲೆಕ್ಕ, ಅಮೆರಿಕದ 1986ರ ವಲಸೆ ಕಾಯ್ದೆಯಿಂದ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧ ನೆಲೆ ಸಿಕ್ಕಿತು, ಕೇಳುಗರೂ ಹೆಚ್ಚಿದರು ಎನ್ನುವವರಿದ್ದಾರೆ. ಜನಸಂಖ್ಯೆಯಿಲ್ಲದೆ ರೇಡಿಯೊ ನಡೆಯದು, ನಿಜ. ಆದರೆ ಅಷ್ಟೇ ಜನ 97.9ರ ಹಳೆಯ ಪ್ರೇಮಗೀತೆಗಳಿಗೂ ಲಭ್ಯರಿದ್ದರಲ್ಲ! ಅದೇ ಮಾಲೀಕರು, ಅದೇ ತರಂಗ, ಅದೇ ಭಾಷೆ. ಬದಲಾದದ್ದು ಹಾಡು ಮತ್ತು ಮಾತಿನ ಧಾಟಿ. ಸಿನಾಲೋವಾದ ಹಳ್ಳಿ ಮೇಳದ ಟ್ಯೂಬಾ ಜಾಗಕ್ಕೆ ಬೇಸ್ ಗಿಟಾರ್ ಮತ್ತು ಸಿಂಥಸೈಜರ್ ತಂದ ‘ಟೆಕ್ನೋಬಾಂದಾ’ದ ರಭಸಕ್ಕೆ ಹ್ಯಾಟು ಬೂಟು ತೊಟ್ಟು ‘ಕೆಬ್ರಾದೀತಾ’ ಕುಣಿದ ಹುಡುಗ ಹುಡುಗಿಯರಲ್ಲಿ ಅನೇಕರು ಅಮೆರಿಕದಲ್ಲೇ ಹುಟ್ಟಿದವರು. ನಿನ್ನೆ ಮೊನ್ನೆ ಗಡಿ ದಾಟಿ ಬಂದವರ ಲೆಕ್ಕ ಇವರನ್ನು ವಿವರಿಸುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹಲಿಸ್ಕೊದ ಮರಿಯಾಚಿ, ಸಿನಾಲೋವಾದ ಬಾಂದಾ, ಗಡಿನಾಡಿನ ಅಕಾರ್ಡಿಯನ್ ಹಾಡು ಎಲ್ಲವನ್ನೂ ‘ರೀಜನಲ್ ಮೆಕ್ಸಿಕನ್’ ಎಂಬ ಒಂದೇ ಹಣೆಪಟ್ಟಿಗೆ ತುರುಕಿದ್ದು ಜಾಹೀರಾತು ಮಾರುವವರ ಅನುಕೂಲಕ್ಕೆ ಎಂಬುದನ್ನು ನಾನೂ ಒಪ್ಪುತ್ತೇನೆ. ಮಿಸ್ತೆಕ್ ಸಮುದಾಯದ ಹ್ಯೂಗೊ ಮೊರಾಲೆಸ್ ಮತ್ತು ಸಂಗಡಿಗರು 1980ರಲ್ಲಿ ಫ್ರೆಸ್ನೊದಿಂದ ಪ್ರಸಾರ ಆರಂಭಿಸಿದ, ಲಾಭಕ್ಕೆ ನಿಲ್ಲದ ‘ರೇಡಿಯೊ ಬಿಲಿಂಗ್ವೆ’ ಬೇರೆ ದಾರಿಯೂ ಇತ್ತೆಂಬುದಕ್ಕೆ ಸಾಕ್ಷಿ. ಹಾಗೆಂದು ವ್ಯಾಪಾರಿ ಸ್ಟೇಷನ್‌ಗಳನ್ನು ಬರಿಯ ಅಂಗಡಿಗಳೆಂದು ತಳ್ಳಿಹಾಕಲಾಗದು. ದಾಖಲೆಯಿಲ್ಲದ ವಲಸಿಗರನ್ನು ಅಪರಾಧಿಗಳೆಂದು ಸಾರುವ ಮಸೂದೆ ಬಂದಾಗ ‘ಪಿಯೊಲಿನ್’, ‘ಎಲ್ ಕುಕುಯ್’ ಎಂದು ಹೆಸರಾದ ನಿರೂಪಕರು ಸ್ಟೇಷನ್‌ಗಳ ಪೈಪೋಟಿ ಬದಿಗಿಟ್ಟು ಕೇಳುಗರನ್ನು ಬೀದಿಗೆ ಕರೆದರು: ಬಿಳಿ ಬಟ್ಟೆ ತೊಡಿ, ಅಮೆರಿಕದ ಬಾವುಟ ಹಿಡಿಯಿರಿ. 2006ರ ಮಾರ್ಚ್ 25ರಂದು ಲಾಸ್ ಏಂಜಲೀಸಿನಲ್ಲಿ ಸುಮಾರು 5 ಲಕ್ಷ ಜನ ಸೇರಿದರು. ಜಾಹೀರಾತಿಗೆಂದು ಕೂಡಿಸಿದ ಆ ಕೇಳುಗರನ್ನು ರಾಜಕಾರಣಿಗಳೂ ಅಂದು ಎಣಿಸಬೇಕಾಯಿತು.