ಮರಳಿನ ಮೇಲಿನ ಹೆಜ್ಜೆಗಳು

1867ರಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ತೆಗೆದ ಛಾಯಾಚಿತ್ರವೊಂದಿದೆ. ಬೋಳು ಮರಳುದಿಬ್ಬಗಳ ನಡುವೆ ಹೇಸರಗತ್ತೆಗಳನ್ನು ಹೂಡಿದ ಬಂಡಿ. ಅಲ್ಲಿಂದ ಕ್ಯಾಮೆರಾದತ್ತ ಬಂದ ಹೆಜ್ಜೆಗುರುತುಗಳು. ಅವು ಛಾಯಾಗ್ರಾಹಕ ತಿಮೋತಿ ಓ'ಸಲಿವನ್‌ನವೇ ಇರಬೇಕು.

ಅಂತರ್ಯುದ್ಧದಲ್ಲಿ ಗೆಟ್ಟಿಸ್‌ಬರ್ಗ್ ರಣರಂಗದ ಹೆಣಗಳನ್ನು ಚಿತ್ರಿಸಿದ್ದ ಈತ, ಆಗ ಕ್ಲಾರೆನ್ಸ್ ಕಿಂಗ್ ನೇತೃತ್ವದ ಸರಕಾರಿ ಭೂಸಮೀಕ್ಷೆ ತಂಡದಲ್ಲಿದ್ದ. ಗಾಯಾಳುಗಳನ್ನು ಸಾಗಿಸುವಂಥ ಆ ಬಂಡಿಯೇ ಅವನ ಡಾರ್ಕ್ ರೂಮ್.

ಮೊಬೈಲಿನಲ್ಲಿ ಬೆರಳೊತ್ತಿ ಚಿತ್ರ ತೆಗೆಯುವ ನಮಗೆ ಆ ಪಾಡು ಊಹಿಸುವುದೂ ಕಷ್ಟ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮೆರಾಕ್ಕೆ ಒಯ್ದು ಚಿತ್ರ ತೆಗೆದು, ಮತ್ತೆ ಬಂಡಿಗೆ ಓಡಬೇಕು. ಸಿಗುವುದು ಕೆಲವೇ ನಿಮಿಷ. ಬಿಸಿಗಾಳಿಯಲ್ಲಿ ಅದೂ ಇಲ್ಲ. ಫಲಕ ಒಣಗಿದರೆ ಚಿತ್ರ ಹೋಯಿತು. ಮರಳಿನ ಕಣವೊಂದು ಅಂಟಿದರೂ ಕಲೆ. ತೊಳೆಯಲೂ ನೀರು ಬೇಕು, ಕುಡಿಯಲೂ ನೀರು ಬೇಕು.

ಆ ಬೇಸಗೆಯಲ್ಲಿ ತಂಡದ ಅನೇಕರು ಮಲೇರಿಯಾದಿಂದ ಮಲಗಿದರು. ಮರುಭೂಮಿಯಲ್ಲಿ ಸೊಳ್ಳೆಯೇ ಎಂದು ಕೇಳಬೇಡಿ. ಅಲ್ಲಿನ ನದಿಗಳು ಸಮುದ್ರ ಸೇರುವುದಿಲ್ಲ, ಜೌಗಾಗಿ ಹರಡಿ ಇಂಗುತ್ತವೆ.

ಓ'ಸಲಿವನ್‌ನನ್ನು ಇಂದು ದೊಡ್ಡ ಕಲಾವಿದ ಎನ್ನುತ್ತಾರೆ. ಅಂದು ಸರಕಾರಕ್ಕೆ ಬೇಕಿದ್ದದ್ದು ನೆಲದ, ಬಂಡೆಗಳ ದಾಖಲೆ. ಅಂಥ ದಾಖಲೆಯಲ್ಲಿ ಬಂಡಿಗೂ ಹೆಜ್ಜೆಗಳಿಗೂ ಏನು ಕೆಲಸ? ಆದರೂ ಅವನು ಅವನ್ನು ಹೊರಗಿಡಲಿಲ್ಲ. 1882ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವನಿಗೆ ನಲವತ್ತರ ಆಸುಪಾಸು.